ಉಪಕಾರ ಕೆಡದಿರಲು ಹದಿಮೂರು ಸೂತ್ರಗಳು

ಬ್ಯಾಂಕಿನಲ್ಲಿ ಟೋಕನ್ ಹಿಡಿದು ಕೂತಿದ್ದೆ. ಅಜ್ಜಿಯೊಬ್ಬರು ಪಕ್ಕಕ್ಕೆ ಬಂದು, ಪ್ಲಾಸ್ಟಿಕ್ ಕವರಿನಿಂದ ಪಾಸ್‌ಬುಕ್ ತೆಗೆದು, ಹಣ ತೆಗೆಯುವ ಚೀಟಿಯನ್ನು ನನ್ನ ಮುಂದೆ ಹಿಡಿದು, "ಇದೊಂದು ಬರ್ಕೊಡಪ್ಪ" ಅಂದರು. ಜೇಬು ತಡಕಿದೆ. ಕೌಂಟರಿಗೆ ದಾರದಲ್ಲಿ ಕಟ್ಟಿದ್ದ ಪೆನ್ನು ನೋಡಿದೆ, ಅದರಲ್ಲಿ ರೀಫಿಲ್ ಇರಲಿಲ್ಲ. "ಪೆನ್ನಿಲ್ಲ ಅಜ್ಜಿ" ಅಂದೆ. ಸುಳ್ಳೇಕೆ ಹೇಳಲಿ, ಒಳಗೊಳಗೇ ಸ್ವಲ್ಪ ನಿರಾಳವೂ ಆಗಿತ್ತು. ಅಜ್ಜಿ ಎಲೆಅಡಿಕೆ ಚೀಲಕ್ಕೆ ಕೈಹಾಕಿ ಕ್ಯಾಪಿಲ್ಲದ ಪೆನ್ನೊಂದನ್ನು ತೆಗೆದು ಕೈಗಿಟ್ಟರು. "ಪೆನ್ನು ನನ್ ಹತ್ರ ಐತಪ್ಪ. ಬರೆಯೋರಿಲ್ಲ."

ಬರೆಯಲು ಕೂತೆ. "ಎಷ್ಟು ತೆಗೀಬೇಕು ಅಜ್ಜಿ?" ಎಂದ ನನ್ನ ದನಿ ಸಾಲಿನ ಕೊನೆಯವನಿಗೂ ಕೇಳಿಸಿತು. ಅಜ್ಜಿ ಮಾತಾಡಲಿಲ್ಲ. ಸೆರಗಿನ ಮರೆಯಲ್ಲಿ ಎರಡು ಬೆರಳು ತೋರಿಸಿದರು. ಎರಡು ಸಾವಿರ, ಗೃಹಲಕ್ಷ್ಮಿ ದುಡ್ಡು.

ಐದು ನಿಮಿಷದಲ್ಲಿ ಎರಡು ಸಲ ಎಡವಿದ್ದೆ. ಮನಸ್ಸಿಲ್ಲದೆ ಅಲ್ಲ, ರೂಢಿಯಿಲ್ಲದೆ. ಗುರುತು ಪರಿಚಯವಿಲ್ಲದವರಿಗೆ ಉಪಕಾರ ಮಾಡುವುದು ಗುಣ ಅನ್ನುತ್ತೇವೆ. ನನಗೇನೋ ಅದು ಅರ್ಧ ಕಸುಬು ಅನ್ನಿಸುತ್ತದೆ. ದೋಸೆ ಹುಯ್ಯುವ ಹಾಗೆ, ಮೊದಲೆರಡು ಹಂಚಿಗೆ ಅಂಟುತ್ತವೆ. ಅಂಟಿದ ಅನುಭವದಿಂದ ಕಲಿತ ಕೆಲವು ಇಲ್ಲಿವೆ.

1. ಮೆತ್ತಗೆ ಕೇಳಿ, ಓದಿ ಹೇಳಿ

ಬ್ಯಾಂಕಿನಲ್ಲಿ, ಅಂಚೆ ಕಚೇರಿಯಲ್ಲಿ, ತಾಲ್ಲೂಕು ಕಚೇರಿಯ ಜಗಲಿಯಲ್ಲಿ ಯಾರಿಗಾದರೂ ಅರ್ಜಿ ತುಂಬಿಕೊಡುವಾಗ ದನಿ ಇಳಿಸಿ. ಅವರ ದುಡ್ಡು, ಅವರ ಕಾಯಿಲೆ, ಅವರ ಗಂಡ ಬಿಟ್ಟುಹೋದ ವಿಷಯ ಸಾಲಿನಲ್ಲಿ ನಿಂತವರಿಗೆ ಬೇಕಿಲ್ಲ. ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆದ ಮೇಲೆ ಒಮ್ಮೆ ಓದಿ ಹೇಳಿ, ಆಮೇಲೆ ಸಹಿಗೋ ಹೆಬ್ಬೆಟ್ಟಿಗೋ ಕೊಡಿ. ಖಾಲಿ ಚೀಟಿಗೆ ಮೊದಲೇ ಸಹಿ ಹಾಕಲು ಹೋದರೆ ತಡೆಯಿರಿ. ನಿಮ್ಮನ್ನು ನಂಬಿದ ಹಾಗೆ ಎಲ್ಲರನ್ನೂ ನಂಬಬಾರದು ಎಂದು ಅವರಿಗೆ ಹೇಳಬೇಕಾದವರೂ ನೀವೇ.

2. ಪಿನ್ ಕೇಳಬೇಡಿ, ಕೊಟ್ಟರೂ ಬೇಡ ಅನ್ನಿ

ಎಟಿಎಂ ಮುಂದೆ ಕಾರ್ಡು ಚಾಚಿ, "ಸ್ವಲ್ಪ ತೆಕ್ಕೊಡಿ ಸಾರ್, ನಂಬರ್ ಇದು" ಎಂದು ಚೀಟಿ ತೋರಿಸುವವರು ಸಿಗುತ್ತಾರೆ. ನೀವು ಪ್ರಾಮಾಣಿಕರು, ಒಪ್ಪಿದೆ. ತೊಂದರೆ ಇರುವುದೇ ಅಲ್ಲಿ. ಇವತ್ತು ನಿಮಗೆ ಕೊಟ್ಟು ಸುಸೂತ್ರವಾದರೆ ನಾಳೆ ಕಾರ್ಡು ಬದಲಿಸುವ ಕಳ್ಳನಿಗೂ ಅಷ್ಟೇ ಧೈರ್ಯವಾಗಿ ಕೊಡುತ್ತಾರೆ. ಪಕ್ಕದಲ್ಲಿ ನಿಂತು ಯಾವ ಗುಂಡಿ ಒತ್ತಬೇಕೆಂದು ಹೇಳಿಕೊಡಿ, ಅವರು ಪಿನ್ ಒತ್ತುವಾಗ ಗೋಡೆ ನೋಡಿ. ಆಗದಿದ್ದರೆ ಬ್ಯಾಂಕಿನ ಒಳಗೆ ಕರೆದುಕೊಂಡು ಹೋಗಿ.

3. ಚಿಲ್ಲರೆ ಇರಲಿ, ತೊಡೆ ಖಾಲಿ ಇರಲಿ

ನಮ್ಮ ಬಸ್ಸುಗಳಲ್ಲಿ ಕಂಡಕ್ಟರು ಬಾಕಿ ಹಣವನ್ನು ಟಿಕೆಟ್ಟಿನ ಹಿಂದೆ ಬರೆದುಕೊಡುತ್ತಾರೆ, ಇಲ್ಲವೇ ಇಬ್ಬರು ಅಪರಿಚಿತರ ಕೈಗೆ ಒಂದೇ ನೋಟು ಕೊಟ್ಟು "ಹಂಚ್ಕೊಳ್ಳಿ" ಎಂದು ಮುಂದೆ ಹೋಗುತ್ತಾರೆ. ಮುಂದಿನ ಸ್ಟಾಪಿನಲ್ಲಿ ಇಳಿಯಬೇಕಾದವನ ಮುಖ ಆಗ ನೋಡಬೇಕು. ಜೇಬಿನಲ್ಲಿ ನಾಲ್ಕು ಐದರ ನಾಣ್ಯ ಇದ್ದರೆ ಅಂಥ ಎಷ್ಟೋ ಮುಖಗಳನ್ನು ಉಳಿಸಬಹುದು. ಸೀಟು ಸಿಕ್ಕವರು ನಿಂತವರ ಬ್ಯಾಗು ಇಸಿದುಕೊಳ್ಳಿ. "ಕೊಡಿ ಇಲ್ಲಿ" ಎಂದರೆ ಸಾಕು. ಹಳ್ಳಿ ಕಡೆಯ ಬಸ್ಸಿನಲ್ಲಾದರೆ ಬ್ಯಾಗಿನ ಬದಲು ಕೂಸೇ ತೊಡೆಗೆ ಬರಬಹುದು. ತಯಾರಾಗಿರಿ.

4. "ಗೊತ್ತಿಲ್ಲ" ಅನ್ನುವುದನ್ನು ಕಲಿಯಿರಿ

ದಾರಿ ಕೇಳಿದವರಿಗೆ ಗೊತ್ತಿಲ್ಲ ಅನ್ನುವುದು ನಮ್ಮಲ್ಲಿ ಅವಮಾನ. ಆದ್ದರಿಂದ ಕೈ ತಾನಾಗಿ ಮೇಲೇಳುತ್ತದೆ: "ನೇರ ಹೋಗಿ, ಅಲ್ಲಿ ಯಾರನ್ನಾದ್ರೂ ಕೇಳಿ." ಇನ್ನು ಕೆಲವರು ಹೇಳುವ ಗುರುತು ಹತ್ತು ವರ್ಷದ ಹಿಂದೆ ಕಡಿದ ಆಲದ ಮರ. "ಇಲ್ಲೇ, ಕೂಗಳತೆ" ಅಂದದ್ದು ಎರಡು ಮೈಲಿ. ಆಸ್ಪತ್ರೆ ಹುಡುಕುತ್ತಿರುವವನಿಗೆ ತಪ್ಪು ದಾರಿ ತೋರಿಸುವುದಕ್ಕಿಂತ ಸುಮ್ಮನಿರುವುದು ಮೇಲು. ಗೊತ್ತಿದ್ದರೆ ಮೊದಲ ತಿರುವನ್ನು ಮಾತ್ರ ಸರಿಯಾಗಿ ಹೇಳಿ. ಐದು ತಿರುವು ಯಾರಿಗೂ ನೆನಪಿರುವುದಿಲ್ಲ.

5. ಸೈಡ್ ಸ್ಟ್ಯಾಂಡ್ ಎಂದು ಕೂಗಿ

ಕನ್ನಡನಾಡಿನ ರಸ್ತೆಗಳಲ್ಲಿ ನಾನು ಕಂಡ ಅತಿ ನಿಸ್ವಾರ್ಥದ ಮಾತು ಇದೇ. "ಸ್ಟ್ಯಾಂಡ್! ಸ್ಟ್ಯಾಂಡ್!" ಎಂದು ಕೂಗುತ್ತಾ ಒಬ್ಬ ಬೈಕ್ ಸವಾರ ಇನ್ನೊಬ್ಬನ ಬೆನ್ನು ಹತ್ತುತ್ತಾನೆ, ಹೇಳಿ ಮುಗಿಸಿ ಅಡ್ಡರಸ್ತೆಯಲ್ಲಿ ಮಾಯವಾಗುತ್ತಾನೆ. ಯಾರು, ಏನು, ಒಂದೂ ಗೊತ್ತಾಗುವುದಿಲ್ಲ. ಹಿಂದೆ ಕೂತವರ ಸೆರಗು, ದುಪಟ್ಟಾ ಚಕ್ರದ ಹತ್ತಿರ ಹಾರುತ್ತಿದ್ದರೆ ಇನ್ನೂ ಜೋರಾಗಿ ಕೂಗಿ. ಆದರೆ ಹಗಲಲ್ಲಿ ಹೆಡ್‌ಲೈಟ್ ಉರಿಯುತ್ತಿದೆ ಎಂದು ಮುಷ್ಟಿ ಬಿಚ್ಚಿ ಮುಚ್ಚಿ ಸನ್ನೆ ಮಾಡುವ ಹಿರಿಯರು ಇನ್ನು ಕೈಗೆ ಬಿಡುವು ಕೊಡಬಹುದು. 2017ರ ಏಪ್ರಿಲ್‌ನಿಂದ ಹೊಸ ದ್ವಿಚಕ್ರ ವಾಹನಗಳ ದೀಪ ಎಂಜಿನ್ ಜೊತೆಗೇ ಹೊತ್ತಿಕೊಳ್ಳಬೇಕೆಂಬುದು ನಿಯಮ.

6. ಭಾಷೆ ಬಾರದವರಿಗೆ ಬಾಯಾಗಿ

ಮಂಗಳೂರಿನಲ್ಲಿ ಕಿತ್ತಳೆ ಮಾರುತ್ತಿದ್ದ ಹರೇಕಳ ಹಾಜಬ್ಬ ಅವರನ್ನು ವಿದೇಶಿಯರು ಇಂಗ್ಲಿಷಿನಲ್ಲಿ ಬೆಲೆ ಕೇಳಿದರು. ಅವರಿಗೆ ಉತ್ತರಿಸಲು ಬರಲಿಲ್ಲ. ಆ ನಾಚಿಕೆಯೇ ಮುಂದೆ ಹರೇಕಳದ ನ್ಯೂಪಡ್ಪುವಿನಲ್ಲಿ ಶಾಲೆಯಾಯಿತು, 2020ರಲ್ಲಿ ಪದ್ಮಶ್ರೀಯನ್ನೂ ತಂದಿತು. ಅವತ್ತು ಪಕ್ಕದಲ್ಲಿ ಯಾರಾದರೂ ನಿಂತು ಬೆಲೆ ಹೇಳಿಬಿಟ್ಟಿದ್ದರೆ ಶಾಲೆಯೇ ಆಗುತ್ತಿರಲಿಲ್ಲವಲ್ಲ ಎಂದು ತರ್ಕ ಮಾಡಬೇಡಿ. ಎಲ್ಲರೂ ಹಾಜಬ್ಬ ಆಗುವುದಿಲ್ಲ, ಬಹಳ ಮಂದಿ ನಾಚಿಕೆಪಟ್ಟು ಮನೆಗೆ ಹೋಗುತ್ತಾರೆ ಅಷ್ಟೆ.

ಈಗ ಆ ಜಾಗದಲ್ಲಿ ನಿಂತಿರುವವರು ಒಡಿಶಾದಿಂದಲೋ ಬಿಹಾರದಿಂದಲೋ ಬಂದ ಕಟ್ಟಡ ಕೆಲಸದವರು. ಮೆಡಿಕಲ್ ಸ್ಟೋರಿನವರು "ಊಟ ಆದ್ಮೇಲೆ, ದಿನಕ್ಕೆ ಎರಡು" ಎಂದು ಕನ್ನಡದಲ್ಲಿ ಹೇಳುತ್ತಾರೆ, ಹುಡುಗ ಅರ್ಥವಾಗದಿದ್ದರೂ ತಲೆಯಾಡಿಸುತ್ತಾನೆ. ನಿಮಗೆ ಬರುವ ಹರಕುಮುರುಕು ಹಿಂದಿ ಅಲ್ಲಿ ಸಾಕು. ಅದೂ ಬಾರದಿದ್ದರೆ ಮಾತ್ರೆಯ ಹಾಳೆಯ ಮೇಲೆ ಸೂರ್ಯ ಒಂದು, ಚಂದ್ರ ಒಂದು ಬರೆದುಕೊಡಿ. ಹೋಗುವಾಗ "ಊಟ" ಅನ್ನುವ ಪದ ಕಲಿಸಿ ಕಳಿಸಿ. ಭಾಷಾಭಿಮಾನಕ್ಕೆ ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುವುದಿಲ್ಲ.

7. ಅಪಘಾತದಲ್ಲಿ ಹೆದರಬೇಡಿ, ಎಳೆದಾಡಬೇಡಿ

ಬಿದ್ದವರ ಸುತ್ತ ನಿಂತವರಲ್ಲಿ ಕಟುಕರು ಕಡಿಮೆ. "ಆಮೇಲೆ ಸ್ಟೇಷನ್ನು, ಕೋರ್ಟು ಅಂತ ಯಾರು ಅಲೆಯೋರು" ಅನ್ನುವವರೇ ಹೆಚ್ಚು. ಒಂದು ಕಾಲಕ್ಕೆ ಆ ಭಯಕ್ಕೆ ಕಾರಣವಿತ್ತು. 2016ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ನೆರವಿಗೆ ಬಂದವರನ್ನು ಕಾಪಾಡುವ ಮಾರ್ಗಸೂಚಿಗೆ ಕಾನೂನಿನ ಬಲ ಕೊಟ್ಟಿತು. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಗೆ 134ಎ ಕಲಂ ಸೇರಿತು. ಗಾಯಾಳುವನ್ನು ಸೇರಿಸಿ ನೀವು ಹೊರಟುಹೋಗಬಹುದು. ಹೆಸರು, ವಿಳಾಸ ಹೇಳಲೇಬೇಕೆಂದಿಲ್ಲ. ಸಾಕ್ಷಿಯಾಗುವುದು ನಿಮ್ಮ ಇಷ್ಟ. ಸದುದ್ದೇಶದಿಂದ ಮಾಡಿದ ನೆರವಿಗಾಗಿ ನಿಮ್ಮ ಮೇಲೆ ಕೇಸು ಬರುವುದಿಲ್ಲ.

ಇನ್ನು ಕೆಲಸದ ಮಾತು. "ಯಾರಾದ್ರೂ ಫೋನ್ ಮಾಡ್ರಪ್ಪ" ಎಂದು ಗುಂಪಿಗೆ ಹೇಳಿದರೆ ಯಾರೂ ಮಾಡುವುದಿಲ್ಲ, ಇನ್ನೊಬ್ಬರು ಮಾಡಿರುತ್ತಾರೆ ಅಂದುಕೊಳ್ಳುತ್ತಾರೆ. "ನೀಲಿ ಶರ್ಟಿನವರೇ, ನೀವು 108ಕ್ಕೆ ಮಾಡಿ" ಎಂದು ಬೆರಳು ತೋರಿಸಿ. ಜಾಗ ಹೇಳುವಾಗ ಯಾವ ಊರಿನಿಂದ ಯಾವ ಊರಿಗೆ ಹೋಗುವ ಬದಿ, ಹತ್ತಿರದ ಕಿಲೋಮೀಟರ್ ಕಲ್ಲು ಅಥವಾ ಪೆಟ್ರೋಲ್ ಬಂಕ್ ಯಾವುದು, ಇಷ್ಟು ಹೇಳಿ. ರಕ್ತ ಹರಿಯುತ್ತಿದ್ದರೆ ಮಡಿಸಿದ ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಿ. ನಿಂತಿತೇ ಎಂದು ಪದೇ ಪದೇ ಎತ್ತಿ ನೋಡಬೇಡಿ. ಹೆಲ್ಮೆಟ್ ಎಳೆದು ಕೀಳಬೇಡಿ, ಕುತ್ತಿಗೆ ತಿರುಗಿಸಬೇಡಿ. ನಮ್ಮವರು ಮೊದಲು ಮಾಡುವ ಕೆಲಸ ಬಾಯಿಗೆ ನೀರು ಹಾಕುವುದು, ಅದನ್ನಂತೂ ಖಂಡಿತ ಮಾಡಬೇಡಿ. ಪ್ರಜ್ಞೆ ತಪ್ಪಿದವರಿಗೆ ಆ ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ.

2016ರ ಫೆಬ್ರುವರಿಯಲ್ಲಿ ನೆಲಮಂಗಲದ ಬಳಿ ಲಾರಿಗೆ ಸಿಕ್ಕ ಹರೀಶ್ ಎಂಬ ತರುಣ ದೇಹ ಎರಡು ತುಂಡಾದ ಸ್ಥಿತಿಯಲ್ಲೂ ತನ್ನ ಕಣ್ಣು ದಾನ ಮಾಡಿ ಎಂದು ಸುತ್ತಲಿದ್ದವರನ್ನು ಕೇಳಿಕೊಂಡರು. ಯಾರ ಊರು ಯಾವುದೆಂದು ಕೇಳದೆ, ಅಪಘಾತವಾದ ಮೊದಲ 48 ಗಂಟೆಯ ಚಿಕಿತ್ಸೆಗೆ 25,000 ರೂಪಾಯಿವರೆಗೆ ಸರಕಾರವೇ ಭರಿಸುವ ಯೋಜನೆ ಅವರ ಹೆಸರಿನಲ್ಲಿ ಬಂತು. ಆ ಸ್ಥಿತಿಯಲ್ಲಿ ಅವರು ಅಪರಿಚಿತರನ್ನು ನೆನೆದರು. ನಾವು ಫೋನನ್ನು ವಿಡಿಯೋಕ್ಕೆ ಎತ್ತದೆ ಕಿವಿಗೆ ಹಿಡಿದರೆ ಸಾಕು.

8. ನೀರು ಕೊಡಿ, ಕೊಡ ತೊಳೆಯಿರಿ

ದಕ್ಷಿಣ ಕನ್ನಡದ ಹಳೆಯ ಮನೆಗಳಲ್ಲಿ ಬಿಸಿಲಲ್ಲಿ ಬಂದವರಿಗೆ ಮೊದಲು ಬರುವುದು ಬೆಲ್ಲ, ನೀರು. "ಆಸರಿಗೆ ಬೇಕಾ?" ಎಂದು ಕೇಳಿಯೇ ಹೆಸರು ಕೇಳುತ್ತಾರೆ. ಆ ಕ್ರಮ ನನಗೆ ಬಹಳ ಇಷ್ಟ. ಬಯಲುಸೀಮೆಯಲ್ಲಿ ಬೇಸಿಗೆಯ ಅರವಟ್ಟಿಗೆ, ರಾಮನವಮಿಯ ಪಾನಕ, ಮಜ್ಜಿಗೆ ಇವೆ. ಅರವಟ್ಟಿಗೆ ಉದ್ಘಾಟನೆಗೆ ಜನ ಬೇಕಾದಷ್ಟಿದ್ದಾರೆ. ನಾಲ್ಕನೇ ದಿನ ಕೊಡ ಖಾಲಿ, ಲೋಟಕ್ಕೆ ಸರಪಳಿ, ತಲೆಯ ಮೇಲೆ ಇಟ್ಟವರ ಫೋಟೋ ಮಾತ್ರ ಫ್ಲೆಕ್ಸಿನಲ್ಲಿ ನಗುತ್ತಿರುತ್ತದೆ. ಇಡುವ ಮೊದಲು ದಿನಾ ತೊಳೆದು ತುಂಬುವವರು ಯಾರೆಂದು ತೀರ್ಮಾನಿಸಿ. ಆಗದಿದ್ದರೆ ನಿಮ್ಮ ಬಾಗಿಲಿಗೆ ಪಾರ್ಸಲ್ ತಂದ ಹುಡುಗನಿಗೆ ಒಂದು ಲೋಟ ಕೊಡಿ. "ಬೇಕಾ?" ಎಂದರೆ ಬೇಡ ಅನ್ನುತ್ತಾನೆ. ಲೋಟ ಹಿಡಿದುಕೊಂಡೇ ಬಾಗಿಲು ತೆಗೆದರೆ ಕುಡಿಯುತ್ತಾನೆ.

9. ಕೇಳಿ ಹಿಡಿಯಿರಿ

ಹಳೆಯ ದಾರಿಗಳ ಬದಿಯಲ್ಲಿ ಎರಡು ಕಂಬ ನಿಲ್ಲಿಸಿ ಮೇಲೊಂದು ಚಪ್ಪಡಿ ಅಡ್ಡ ಹಾಕಿರುವುದು ಇವತ್ತಿಗೂ ಕೆಲವು ಕಡೆ ಕಾಣುತ್ತದೆ. ಕೂರುವುದಕ್ಕಲ್ಲ, ಅಷ್ಟು ಎತ್ತರ. ತಲೆಹೊರೆ ಹೊತ್ತು ಒಂಟಿಯಾಗಿ ಬಂದವರು ಬಗ್ಗದೆ ಹೊರೆ ಇಳಿಸಿ ಸುಧಾರಿಸಿಕೊಂಡು, ಯಾರ ಕೈಯನ್ನೂ ಕಾಯದೆ ಮತ್ತೆ ತಲೆಗೇರಿಸಿಕೊಂಡು ಹೋಗಲಿ ಎಂದು ಹಾಕಿದ ಕಲ್ಲು. ನಿಲ್ಲಿಸಿದವರು ಹೊರೆಯ ಭಾರ ಬಲ್ಲವರು.

ಕಲ್ಲಿಲ್ಲದ ಕಡೆ, ಹುಲ್ಲು ಹೊರೆಯ ಪಕ್ಕ ನಿಂತ ಹೆಂಗಸು "ಒಂದ್ ಕೈ ಕೊಡಣ್ಣ" ಎಂದರೆ ಬರೇ ಎತ್ತಿಬಿಡಬೇಡಿ. ಸಿಂಬಿ ಸರಿಹೋಗಲಿ, ಅವರು ಒಂದು ಹೆಜ್ಜೆ ಇಡುವ ತನಕ ಕೈ ತೆಗೆಯಬೇಡಿ. ಕಣ್ಣು ಕಾಣದವರನ್ನು ರಸ್ತೆ ದಾಟಿಸುವಾಗಲೂ ಹಾಗೇ. ರಟ್ಟೆ ಹಿಡಿದು ದಬ್ಬಬೇಡಿ. "ದಾಟಬೇಕಾ?" ಎಂದು ಕೇಳಿ ನಿಮ್ಮ ಮೊಣಕೈ ಕೊಡಿ, ಅವರು ಹಿಡಿದುಕೊಂಡು ಅರ್ಧ ಹೆಜ್ಜೆ ಹಿಂದೆ ಬರುತ್ತಾರೆ.

10. ಫಾರ್ವರ್ಡ್ ಮಾಡುವ ಮುನ್ನ ಬೆರಳು ತಡೆಯಿರಿ

ಇದು ಉಪಕಾರದ ಪಟ್ಟಿಯಲ್ಲಿ ಯಾಕೆ ಅನ್ನಿಸಬಹುದು. 2018ರ ಜುಲೈನಲ್ಲಿ ಹೈದರಾಬಾದಿನಿಂದ ಬೀದರ್ ಜಿಲ್ಲೆಗೆ ಬಂದಿದ್ದ ಗೆಳೆಯರಲ್ಲಿ ಒಬ್ಬರು ದಾರಿಯಲ್ಲಿ ಶಾಲಾ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಎಂಬ ವದಂತಿ ವಾಟ್ಸ್‌ಆ್ಯಪ್‌ನಲ್ಲಿ ಅವರಿಗಿಂತ ಮುಂದೆ ಓಡಿತು. ಔರಾದ್ ತಾಲ್ಲೂಕಿನ ಮುರ್ಕಿಯಲ್ಲಿ ಗುಂಪು ಅವರ ಮೇಲೆ ಬಿತ್ತು, ಒಬ್ಬರು ಸತ್ತರು. ಕೊಟ್ಟದ್ದು ಚಾಕೊಲೇಟು. ಕಂಡರಿಯದವರ ಫೋಟೋ ನಿಮ್ಮ ಗುಂಪಿಗೆ ಬಂದಾಗ ಅಳಿಸಿಹಾಕುವುದು ಇವತ್ತಿನ ದಿನ ದೊಡ್ಡ ಉಪಕಾರ. ದಾರಿ ತಪ್ಪಿದ ಮಗು ಕಂಡರೆ ಎಲ್ಲಿಗೂ ಕರೆದೊಯ್ಯಬೇಡಿ. ಅಲ್ಲೇ ಜೊತೆಗೆ ನಿಂತು 1098ಕ್ಕೋ 112ಕ್ಕೋ ಫೋನ್ ಮಾಡಿ.

11. ದೂರ ಸರಿಯಿರಿ

ರಾತ್ರಿ ಹೊತ್ತು ಬೀದಿಯಲ್ಲಿ ಮುಂದೆ ಹೆಣ್ಣುಮಗಳೊಬ್ಬಳು ಒಂಟಿಯಾಗಿ ನಡೆಯುತ್ತಿದ್ದರೆ ಗಂಡಸರು ಮಾಡಬಹುದಾದ ಉಪಕಾರ ರಸ್ತೆಯ ಇನ್ನೊಂದು ಬದಿಗೆ ಹೋಗುವುದು. ಮಾತು ಬೇಡ.

12. ರಕ್ತ ಕೊಡಿ

18ರಿಂದ 65 ವಯಸ್ಸು, ಕನಿಷ್ಠ 45 ಕಿಲೋ ತೂಕ ಇದ್ದು ಆರೋಗ್ಯವಾಗಿದ್ದರೆ ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. "ನಮ್ಮೋರಿಗೆ ಬೇಕಾದಾಗ ಕೊಡ್ತೀನಿ" ಎಂದು ಕಾಯಬೇಡಿ. ಪ್ಲೇಟ್‌ಲೆಟ್ ಐದೇ ದಿನ ಇಡಲು ಬರುವುದು, ಯಾರಾದರೂ ಸದಾ ಕೊಡುತ್ತಲೇ ಇದ್ದರೆ ಮಾತ್ರ ನಿಮ್ಮ ಸೋದರಮಾವನಿಗೆ ಡೆಂಗಿ ಬಂದ ದಿನ ಅದು ಸಿಗುತ್ತದೆ.

13. ಹತ್ತು ನಿಮಿಷ ಬೇಗ ಹೊರಡಿ

1973ರಲ್ಲಿ ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಡಾರ್ಲಿ ಮತ್ತು ಬ್ಯಾಟ್ಸನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು, ಪಾದ್ರಿಯಾಗಲು ಓದುತ್ತಿದ್ದ ಹುಡುಗರ ಮೇಲೆ ನಡೆಸಿದ ಪ್ರಯೋಗ ಪ್ರಕಟವಾಯಿತು. ಹುಡುಗರು ಭಾಷಣಕ್ಕೆಂದು ಇನ್ನೊಂದು ಕಟ್ಟಡಕ್ಕೆ ಹೋಗಬೇಕು. ಕೆಲವರ ಭಾಷಣದ ವಿಷಯ ದಾರಿಯಲ್ಲಿ ಬಿದ್ದವನಿಗೆ ನೆರವಾದ ಬೈಬಲ್ಲಿನ ಸಮಾರ್ಯದವನ ಕಥೆಯೇ. ದಾರಿಯಲ್ಲಿ ಒಬ್ಬ ಕುಸಿದು ಕೆಮ್ಮುತ್ತಿರುವಂತೆ ಕೂರಿಸಿದ್ದರು. ಹೊತ್ತಿದೆ ಎಂದುಕೊಂಡವರಲ್ಲಿ ನೂರಕ್ಕೆ 63 ಮಂದಿ ನಿಂತು ವಿಚಾರಿಸಿದರು. ತಡವಾಯಿತೆಂದು ಓಡುತ್ತಿದ್ದವರಲ್ಲಿ ನಿಂತವರು ನೂರಕ್ಕೆ 10. ಭಾಷಣದ ವಿಷಯ ಏನೆಂಬುದು ಹೆಚ್ಚು ವ್ಯತ್ಯಾಸ ಮಾಡಲಿಲ್ಲ.

ಅವತ್ತು ಬ್ಯಾಂಕಿನಲ್ಲಿ ನನಗೂ ಅವಸರವಿತ್ತು. ಪೆನ್ನಿಲ್ಲ ಎಂದಾಗ ಆದ ನಿರಾಳಕ್ಕೆ ಅದೇ ಕಾರಣ.

ಮುಂದಿನ ಸಲ ಬ್ಯಾಂಕಿಗೆ ಹೋಗುವಾಗ ಹತ್ತು ನಿಮಿಷ ಹೆಚ್ಚು ಇಟ್ಟುಕೊಂಡು ಹೋಗಿ. ಪೆನ್ನು ಅವರ ಹತ್ತಿರ ಇರುತ್ತದೆ.