ಹಕ್ಕಿ ನೋಡೋಣ, ಹಕ್ಕಿ ಬರೆಯೋಣ

ಅಕ್ಕಾ, ದಿನವಿಡೀ ದುಡಿತ. ಹೊಲದ ಕೆಲಸ, ಮನೆಯ ಕೆಲಸ. ರಾತ್ರಿ ಮಲಗಿದರೆ ಸಾಲದ ಚಿಂತೆ, ಮಕ್ಕಳ ಚಿಂತೆ. ಮನಸ್ಸಿಗೂ ಒಂದು ಗಳಿಗೆ ಬಿಡುವು ಬೇಡವೇ?

ಹಗರಿಬೊಮ್ಮನಹಳ್ಳಿ ತಾಲ್ಲೂಕಿನಲ್ಲಿ ಅಂಕಸಮುದ್ರ ಎಂಬ ಊರಿದೆ. ಅಲ್ಲೊಂದು ಹಳೆಯ ಕೆರೆ. ಕೆರೆಯೊಳಗೆ ಜಾಲಿ ಮರಗಳು. ಆ ಮರಗಳ ಮೇಲೆ ಸಾವಿರಾರು ಹಕ್ಕಿಗಳು ಗೂಡು ಕಟ್ಟುತ್ತವೆ. 2017ರಲ್ಲಿ ಸರ್ಕಾರ ಇದನ್ನು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶ ಮಾಡಿತು. ಆಮೇಲೆ ಈ ಕೆರೆ ರಾಮ್ಸಾರ್ ಪಟ್ಟಿಗೂ ಸೇರಿತು. ಜಗತ್ತಿನ ಮುಖ್ಯ ಕೆರೆ, ಜೌಗುಗಳ ಪಟ್ಟಿ ಅದು.

ಅಲ್ಲಿ ಬಣ್ಣದ ಕೊಕ್ಕರೆ ಇದೆ. ಮೈ ಬಿಳಿ. ರೆಕ್ಕೆಯಲ್ಲಿ ಕಪ್ಪು ಪಟ್ಟೆ. ಬಾಲದ ಹತ್ತಿರ ಗುಲಾಬಿ ಬಣ್ಣ. ಉದ್ದನೆಯ ಹಳದಿ ಕೊಕ್ಕು. ಕೊಕ್ಕನ್ನು ಅರ್ಧ ತೆರೆದು ನೀರಲ್ಲಿ ಅತ್ತಿತ್ತ ಆಡಿಸುತ್ತದೆ. ಮೀನು ತಗುಲಿತೋ, ಪಟ್ಟನೆ ಹಿಡಿಯುತ್ತದೆ. ಅದನ್ನೇ ನೋಡುತ್ತ ಕೂತರೆ ಮನಸ್ಸು ಹಗುರಾಗುತ್ತದೆ. ಸಾಲ ತೀರುವುದಿಲ್ಲ, ನಿಜ. ಆದರೆ ಸುಧಾರಿಸಿಕೊಳ್ಳಲು ಬಲ ಬರುತ್ತದೆ.

ಅಂಕಸಮುದ್ರಕ್ಕೇ ಹೋಗಬೇಕೆಂದಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ, ಎಲ್ಲಿದ್ದರೂ ಹಕ್ಕಿ ಉಂಟು. ಮನೆ ಮಾಳಿಗೆ ಮೇಲೆ ಕಾಗೆ. ಹೊಲದಲ್ಲಿ ಬೆಳ್ಳಕ್ಕಿ.

ನೋಡಿದ ಹಕ್ಕಿಯನ್ನು ಬರೆಯಿರಿ. “ನನಗೆ ಚಿತ್ರ ಬರೋದಿಲ್ರೀ” ಅನ್ನಬೇಡಿ. ರಂಗೋಲಿ ಹಾಕಿದ ಕೈ ನಿಮ್ಮದು. ಕೌದಿ ಹೊಲಿದ ಕೈ ನಿಮ್ಮದು. ಮೈಗೆ ಒಂದು ಮೊಟ್ಟೆ ಬರೆಯಿರಿ. ತಲೆಗೆ ಸಣ್ಣ ಸೊನ್ನೆ. ಆಮೇಲೆ ಕೊಕ್ಕು, ಕಾಲು. ಆಯಿತು ಹಕ್ಕಿ!

ಮಾಡಿ ನೋಡಿ

1. ನಾಳೆ 10 ನಿಮಿಷ ಒಂದೇ ಹಕ್ಕಿಯನ್ನು ಸುಮ್ಮನೆ ಕೂತು ನೋಡಿ. ಅದನ್ನು ಓಡಿಸಬೇಡಿ.
2. ಪಾಟಿಯ ಮೇಲೆ ಅದರ ಚಿತ್ರ ಬರೆಯಿರಿ. ಕೆಳಗೆ ಹಕ್ಕಿಯ ಹೆಸರು, ನಿಮ್ಮ ಹೆಸರು ಬರೆಯಿರಿ.
3. ಓದಿ: ಹಕ್ಕಿ, ರೆಕ್ಕೆ, ಕೊಕ್ಕು, ಕೊಕ್ಕರೆ.