ಪಂಚಾಯತ್ ಚುನಾವಣೆಗೆ ನಿಲ್ಲಬಹುದೇ?

ನಿಮ್ಮ ಊರಿನ ತೋಡಿನಲ್ಲಿ ಕಸ ತುಂಬಿದೆ. ಮಾರ್ಚ್ ಬಂತೆಂದರೆ ಬಾವಿಗಳ ತಳ ಕಾಣುತ್ತದೆ. ಜುಲೈ ಬಂತೆಂದರೆ ಅದೇ ತೋಡು ಉಕ್ಕಿ ಅಂಗಳಕ್ಕೆ ನುಗ್ಗುತ್ತದೆ. ಹೀಗಿರುವಾಗ ನೆರೆಯವರು ನಾಲ್ಕು ಮಂದಿ ಬಂದು, ನೀರು ಮತ್ತು ಕಸದ ಪ್ರಶ್ನೆಯನ್ನೇ ಎತ್ತಿಕೊಂಡು ಈ ಸಲ ನೀವೇ ಪಂಚಾಯತ್ ಚುನಾವಣೆಗೆ ನಿಲ್ಲಬೇಕೆಂದು ಒತ್ತಾಯಿಸುತ್ತಾರೆ. ನೀವು ಹಿಂದೆಮುಂದೆ ನೋಡುತ್ತೀರಿ. ಅಧಿಕಾರವನ್ನು ಕೇಳಿ ಪಡೆಯುವುದು ಸತ್ಯವಿಶ್ವಾಸಿಗೆ ಸಲ್ಲದಲ್ಲವೇ ಎಂಬ ಅಳುಕು ನಿಮ್ಮನ್ನು ಕಾಡುತ್ತದೆ.

ಈ ಅಳುಕು ಒಳ್ಳೆಯದೇ. ಅಧಿಕಾರವನ್ನು ಕೇಳಿ ಪಡೆಯದಿರುವಂತೆ ಪ್ರವಾದಿ(ಸ)ರು ಅಬ್ದುರ‍್ರಹ್ಮಾನ್ ಬಿನ್ ಸಮುರಾ(ರ)ರಿಗೆ ಉಪದೇಶಿಸಿದ್ದರು. ಕೇಳಿ ಪಡೆದವನು ಆ ಹೊರೆಯ ಜೊತೆ ಒಂಟಿಯಾಗುತ್ತಾನೆ, ಕೇಳದೆ ಬಂದರೆ ಅಲ್ಲಾಹನ ಸಹಾಯವಿರುತ್ತದೆ ಎಂಬುದು ಅದರ ಸಾರ. ಅಬೂದರ್(ರ)ರು ಹುದ್ದೆ ಬಯಸಿದಾಗ, ಅದೊಂದು ಅಮಾನತ್ ಎಂದೂ ಅಂತ್ಯದಿನದಂದು ಅದು ಅಪಮಾನ ಮತ್ತು ಪಶ್ಚಾತ್ತಾಪವಾಗುವುದೆಂದೂ ಪ್ರವಾದಿ(ಸ)ರು ಎಚ್ಚರಿಸಿದರು. ನಮ್ಮಲ್ಲಿ ಅನೇಕರು ಈ ಹದೀಸನ್ನು ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಆದರೆ ಅದರ ಕೊನೆಯಲ್ಲಿ ಒಂದು ವಿನಾಯಿತಿಯಿದೆ. ಅರ್ಹತೆಯಿಂದ ಅದನ್ನು ವಹಿಸಿಕೊಂಡು ಹೊಣೆಯನ್ನು ಪೂರ್ತಿಯಾಗಿ ನಿರ್ವಹಿಸಿದವನಿಗೆ ಆ ಎಚ್ಚರಿಕೆ ಅನ್ವಯಿಸುವುದಿಲ್ಲ.

ಇನ್ನೊಂದೆಡೆ ಪವಿತ್ರ ಕುರ್‌ಆನಿನ 12ನೇ ಅಧ್ಯಾಯವನ್ನು ನೋಡಿರಿ. ಅಲ್ಲಿ ಒಬ್ಬ ಪ್ರವಾದಿಯೇ ಬಾಯಿ ತೆರೆದು ಹುದ್ದೆಯನ್ನು ಕೇಳುತ್ತಾರೆ. ಈಜಿಪ್ಟಿನ ಭಂಡಾರಗಳನ್ನು ತನಗೆ ವಹಿಸಬೇಕೆಂದು ಹ. ಯೂಸುಫ್(ಅ)ರು ಅರಸನೊಡನೆ ಹೇಳುತ್ತಾರೆ. ಜನರ ಅಗತ್ಯವಿದ್ದು, ಅದನ್ನು ನಿಭಾಯಿಸಬಲ್ಲ ಬೇರೆ ಯೋಗ್ಯನಿಲ್ಲದಿದ್ದಾಗ ಹುದ್ದೆ ಕೇಳುವುದು ತಪ್ಪಲ್ಲವೆಂದು ಕುರ್ತುಬಿಯವರಂತಹ ವ್ಯಾಖ್ಯಾನಕಾರರು ಇದರಿಂದ ಗ್ರಹಿಸಿದ್ದಾರೆ.

ಆದರೆ ಅವರು ಕೇಳಿದ್ದು ಯಾವಾಗ? ಇದನ್ನು ನಾವು ಗಮನಿಸುವುದು ಕಡಿಮೆ. ಸೆರೆಮನೆಯಲ್ಲಿದ್ದಾಗಲೇ ಅರಸನ ಕನಸಿನ ಅರ್ಥವನ್ನು ಅವರು ತಿಳಿಸಿದರು. ಏಳು ವರ್ಷ ಸಮೃದ್ಧಿ, ಏಳು ವರ್ಷ ಬರ. ಬರೀ ಅರ್ಥ ಹೇಳಿ ಸುಮ್ಮನಾಗಲಿಲ್ಲ, ಪರಿಹಾರವನ್ನೂ ಹೇಳಿದರು. ಏಳು ವರ್ಷ ಸತತವಾಗಿ ಬಿತ್ತಬೇಕು, ಉಣ್ಣುವಷ್ಟನ್ನು ಮಾತ್ರ ಬಿಡಿಸಿಕೊಂಡು ಉಳಿದ ಧಾನ್ಯವನ್ನು ತೆನೆಯಲ್ಲೇ ಕಾದಿರಿಸಬೇಕು. ತೆನೆಯಲ್ಲಿರುವ ಕಾಳು ಬೇಗ ಕೆಡುವುದಿಲ್ಲವೆಂಬುದು ನಮ್ಮ ರೈತರಿಗೂ ಗೊತ್ತು. ಬರಗಾಲದಲ್ಲೂ ಎಲ್ಲವನ್ನೂ ತಿಂದು ಮುಗಿಸದೆ ಸ್ವಲ್ಪವನ್ನು ಉಳಿಸಿಕೊಳ್ಳಬೇಕು. ಈ ಜ್ಞಾನಕ್ಕೆ ಅವರು ಪ್ರತಿಫಲ ಕೇಳಲಿಲ್ಲ, ಬಿಡುಗಡೆಯ ಷರತ್ತನ್ನೂ ಹಾಕಲಿಲ್ಲ. ಅರಸನು ಕರೆಕಳುಹಿಸಿದಾಗ, ತನ್ನ ಮೇಲಿನ ಆರೋಪದ ವಿಚಾರಣೆ ಮೊದಲು ನಡೆಯಲಿ ಎಂದು ದೂತನನ್ನು ಹಿಂದೆ ಕಳುಹಿಸಿದರು. ಹುದ್ದೆಯ ಮಾತು ಬಂದದ್ದು ಇವೆರಡೂ ಆದ ಮೇಲೆ. ಆಗಲೂ ತನ್ನ ಮನೆತನವನ್ನು ಹೇಳಿಕೊಳ್ಳದೆ ಎರಡೇ ಅರ್ಹತೆಗಳನ್ನು ಮುಂದಿಟ್ಟರು: ಕಾಪಾಡಬಲ್ಲೆ, ಅರಿತಿದ್ದೇನೆ.

ಮೊದಲು ಯೋಜನೆ, ಬಳಿಕ ಚಾರಿತ್ರ್ಯದ ಪರೀಕ್ಷೆ, ಕೊನೆಗೆ ಹುದ್ದೆ. ನಮ್ಮಲ್ಲಿ ನಡೆಯುವುದು ಇದರ ತದ್ವಿರುದ್ಧ. ನಾಮಪತ್ರ ಸಲ್ಲಿಸಿದ ಮೇಲೆ ಊರಿನ ಸಮಸ್ಯೆಗಳ ಪಟ್ಟಿ ತಯಾರಾಗುತ್ತದೆ!

ಆದ್ದರಿಂದ ನಿಲ್ಲಬಹುದೇ ಎಂದು ಕೇಳುವ ಮೊದಲು, ನಿಮ್ಮ ಊರಿನ ನೀರಿನ ಬಗ್ಗೆ ನಿಮಗೆಷ್ಟು ಗೊತ್ತು ಎಂದು ನಿಮ್ಮನ್ನೇ ಕೇಳಿಕೊಳ್ಳಿ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುತ್ತದೆ. ಆದರೂ 2016, 2019 ಮತ್ತು 2023ರ ಬೇಸಿಗೆಗಳಲ್ಲಿ ನೇತ್ರಾವತಿಯ ತುಂಬೆ ಅಣೆಕಟ್ಟಿನ ನೀರಿಳಿದು ಮಂಗಳೂರಿನಲ್ಲಿ ರೇಷನ್ ಮಾಡಿ ನೀರು ಬಿಡಬೇಕಾಯಿತು. ಇದು ಮಳೆಯ ಕೊರತೆಯೊಂದರಿಂದಲೇ ಆದುದಲ್ಲ. ನಮ್ಮ ಹಿರಿಯರು ಮಳೆಗಾಲ ಮುಗಿದು ತೋಡಿನ ಹರಿವು ಇಳಿದೊಡನೆ ಕಲ್ಲು ಮಣ್ಣು ಹಾಕಿ ಕಟ್ಟ ಕಟ್ಟುತ್ತಿದ್ದರು. ಗುಡ್ಡದ ಮೇಲಿನ ಮದಕಗಳಲ್ಲಿ ನಿಂತ ಮಳೆನೀರು ಇಂಗಿ ತಗ್ಗಿನ ಬಾವಿಗಳಿಗೆ ಇಳಿಯುತ್ತಿತ್ತು. ಸಮೃದ್ಧಿಯ ಕಾಲದಲ್ಲಿ ಬರಕ್ಕಾಗಿ ಕೂಡಿಡುವುದೆಂದರೆ ಇದೇ ತಾನೇ? ಬೋರ್‌ವೆಲ್ ಬಂದ ಮೇಲೆ ಅನೇಕ ಊರುಗಳಲ್ಲಿ ಕಟ್ಟಗಳು ನಿಂತುಹೋದವು, ಮದಕಗಳು ಹೂಳಿನಿಂದ ತುಂಬಿದವು. ನಿಮ್ಮ ಊರಿನಲ್ಲಿ ಹಿಂದೆ ಎಷ್ಟು ಕಟ್ಟಗಳಿದ್ದವು? ಕೊಳವೆ ಬಾವಿಗಳು ಎಷ್ಟಿವೆ? ನೆರೆ ಬಂದಾಗ ಮೊದಲು ಮುಳುಗುವ ಮನೆ ಯಾರದು? ಇದನ್ನು ಅರಿಯಲು ಹುದ್ದೆ ಬೇಕಾಗಿಲ್ಲ.

ಅರಿತವನಿಗೆ ಪಂಚಾಯತ್ ಸಣ್ಣ ಸಾಧನವಲ್ಲ. ಕರ್ನಾಟಕದ 1993ರ ಕಾಯಿದೆಯ ಪ್ರಕಾರ ಸುಮಾರು 400 ಜನರಿಗೆ ಒಬ್ಬ ಸದಸ್ಯನಿರುತ್ತಾನೆ. ಕುಡಿಯುವ ನೀರು ಮತ್ತು ನೈರ್ಮಲ್ಯ ಅದರ ಕರ್ತವ್ಯಗಳಲ್ಲಿ ಸೇರಿವೆ. 2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿಯೊಂದು ಸ್ಥಳೀಯ ಸಂಸ್ಥೆಯೂ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ರಚಿಸಬೇಕು. ನಿಮ್ಮ ಪಂಚಾಯತ್‌ನ ಸಮಿತಿ ಎಷ್ಟು ಸಲ ಸೇರಿದೆ ಎಂದು ಒಮ್ಮೆ ವಿಚಾರಿಸಿ ನೋಡಿ. ಗ್ರಾಮ ಪಂಚಾಯತ್ ಚುನಾವಣೆಗೆ ಪಕ್ಷಗಳ ಚಿಹ್ನೆಯೂ ಇಲ್ಲ. ಹಿಂದಿನಿಂದ ಪಕ್ಷಗಳ ಕೈಯಾಡುತ್ತದೆ ಎಂಬುದು ಬೇರೆ ಮಾತು. ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲು. ಕೊಡ ಹೊತ್ತು ನಡೆಯುವ ಸಹೋದರಿಗೆ ನೀರಿನ ವಿಷಯ ಗೊತ್ತಿರುವಷ್ಟು ಇನ್ನಾರಿಗೆ ಗೊತ್ತಿರಲು ಸಾಧ್ಯ? ಆದರೆ ಅವಳ ಹೆಸರಿನಲ್ಲಿ ಪತಿ ಸಭೆ ನಡೆಸುವುದಾದರೆ ಅದು ಅಮಾನತ್ ಆಗುವುದಿಲ್ಲ.

ಇನ್ನು ಕಾಪಾಡುವ ವಿಷಯ. ನಿಜವಾದ ಕಷ್ಟ ಇಲ್ಲಿದೆ. ಲಂಚ ಕೊಡುವವನನ್ನೂ ಪಡೆಯುವವನನ್ನೂ ಪ್ರವಾದಿ(ಸ)ರು ಶಪಿಸಿದ್ದಾರೆ. ಮತಕ್ಕಾಗಿ ಕವರ್ ಹಂಚಿದವನು ಗೆದ್ದ ಮೇಲೆ ತೋಡನ್ನು ಕಾಯುವನೆಂದು ನಂಬುವುದು ಹೇಗೆ? ನೀರು, ಹುಲ್ಲು ಮತ್ತು ಬೆಂಕಿಯಲ್ಲಿ ಜನರೆಲ್ಲರೂ ಪಾಲುದಾರರೆಂದು ಹದೀಸ್ ಕಲಿಸುತ್ತದೆ. ಹಾಗಿರುವಾಗ ಹೊಸ ಕೊಳವೆ ಬಾವಿ ಸದಸ್ಯನ ಮನೆಯೆದುರೇ ಏಕೆ ಬರಬೇಕು? ಮಸೀದಿಯ ಓಣಿಗೆ ನಳ್ಳಿ ಬಂದು ದಲಿತ ಕಾಲನಿಗೆ ಬಾರದಿದ್ದರೆ ಅದಕ್ಕೂ ಉತ್ತರ ಹೇಳಬೇಕಾದೀತು. ಯೂಸುಫ್(ಅ)ರ ಭಂಡಾರದಿಂದ ಕನ್‌ಆನ್‌ನ ಪರದೇಶಿಗಳಿಗೂ ಧಾನ್ಯ ಸಿಕ್ಕಿತ್ತು. ತಲೆಗೊಂದು ಒಂಟೆಯ ಹೊರೆ, ಅಳೆದು.

ರಾತ್ರಿ ಹೊಳೆಯಿಂದ ಮರಳು ಹೊರುವ ಟಿಪ್ಪರ್ ನಿಮ್ಮ ಭಾವನದ್ದಾದರೆ? ಕೋಳಿ ಅಂಗಡಿಯ ತ್ಯಾಜ್ಯವನ್ನು ತೋಡಿಗೆ ಸುರಿಯುವವನು ನಿಮ್ಮ ಜಮಾಅತ್‌ನ ಹಿರಿಯನೇ ಆದರೆ? ಚುನಾವಣೆಗೆ ಮೊದಲೇ ಅವರ ಮನೆಗೆ ಹೋಗಿ, ನಾನು ಗೆದ್ದರೆ ಇದನ್ನು ತಡೆಯುತ್ತೇನೆ ಎಂದು ಮುಖಕ್ಕೆ ಹೇಳಿಬನ್ನಿ. ಅದರಿಂದ ಹತ್ತು ಮತ ಹೋದೀತು. ಆ ಮಾತು ಹೇಳಲು ನಾಲಿಗೆ ಏಳದಿದ್ದರೆ ನಾಮಪತ್ರ ಸಲ್ಲಿಸಬೇಡಿ. ಬೇರೆ ಯೋಗ್ಯರಿಗೆ ಬೆಂಬಲ ಕೊಡಿ.

ಸೋತರೂ ಗ್ರಾಮಸಭೆಯ ಬಾಗಿಲು ಮುಚ್ಚಿಲ್ಲ; ಅಲ್ಲಿ ಮತದಾರನಿಗೆಲ್ಲ ಪ್ರಶ್ನಿಸುವ ಹಕ್ಕಿದೆ. ನವೆಂಬರ್ ಕೊನೆಗೆ ತೋಡಿನ ಹರಿವು ಇಳಿಯುತ್ತದೆ. ಕಟ್ಟ ಕಟ್ಟಲು ಹತ್ತು ಆಳು, ಒಂದು ದಿನ. ಗೆದ್ದವನನ್ನೂ ಕರೆಯಿರಿ.