ಲಾಗ್ ಫೈಲನ್ನು ಮಾತ್ರ ಅಳಿಸಬೇಡ ಮಗಳೇ

ಶಿಕಾರಿಪುರ



ಮೊನ್ನೆ ಫೋನಿನಲ್ಲಿ ನಿನ್ನ ದನಿ ಕೇಳಿದಾಗಿನಿಂದ ಮನಸ್ಸು ಸೊರಬದಲ್ಲೇ ಇದೆ. ಮಾರ್ಚ್ ಕೊನೆಯ ವಾರ, ನಿಮ್ಮ ಸಹಕಾರ ಸಂಘದ ಬಾಗಿಲಿನಲ್ಲಿ ಬೆಳೆಸಾಲ ಕಟ್ಟಲು ಬಂದವರ ಸಾಲು, ಒಳಗೆ ಪರದೆಯ ಮೇಲೆ ‘ಲಾಗ್ ತುಂಬಿದೆ’ ಎನ್ನುವ 9002 ದೋಷ ಸಂಖ್ಯೆ, ರಸೀದಿ ಹೊರಗೆ ಬರುತ್ತಿಲ್ಲ. ಕೆಲಸಕ್ಕೆ ಸೇರಿ ವರ್ಷ ತುಂಬದ ಹುಡುಗಿಯ ಮೇಲೆ ಅಷ್ಟೂ ಜನರ ಕಣ್ಣು. ಆ ಹೊತ್ತಿನಲ್ಲಿ ಯಾರೋ “ಆ ಎಲ್‌ಡಿಎಫ್ ಫೈಲ್ ತುಂಬಾ ದೊಡ್ಡದಾಗಿದೆ, ಡಿಲೀಟ್ ಮಾಡಿಬಿಡಿ, ಜಾಗ ಆಗುತ್ತೆ” ಅಂದರು. ನೀನು ಹಾಗೆ ಮಾಡದೆ ನನಗೆ ಫೋನ್ ಮಾಡಿದೆ. ಅದಕ್ಕೆ ನಿನ್ನನ್ನು ಎಷ್ಟು ಮೆಚ್ಚಿದರೂ ಸಾಲದು. ಅವತ್ತು ಅವಸರದಲ್ಲಿ “ಬೇಡ, ಸದ್ಯಕ್ಕೆ ಕೈರಸೀದಿ ಕೊಡು” ಅಂದಷ್ಟೇ ಹೇಳಿದ್ದೆ. ಯಾಕೆ ಬೇಡ, ಮುಂದೆ ಏನು ಮಾಡಬೇಕು ಅನ್ನುವುದನ್ನು ಈಗ ನಿಧಾನವಾಗಿ ಬರೆಯುತ್ತಿದ್ದೇನೆ.

ಸಂಘದ ಬೀರುವಿನಲ್ಲಿ ಹಳೆಯ ಕಿರ್ದಿ ಪುಸ್ತಕಗಳು ಇನ್ನೂ ಇದ್ದರೆ ಒಂದನ್ನು ತೆಗೆದು ನೋಡು. ರೈತ ದುಡ್ಡು ಕಟ್ಟಿದ ಕೂಡಲೇ ಅದು ದಾಖಲಾಗುತ್ತಿದ್ದುದು ಕಿರ್ದಿಯಲ್ಲಿ, ಬಂದವರು ಬಂದ ಕ್ರಮದಲ್ಲೇ. ಅವರವರ ಖಾತೆಗೆ ಏರಿಸುವ ಕೆಲಸ ಆಮೇಲೆ, ಸಾಲು ಕರಗಿದ ಮೇಲೆ. ಡೇಟಾಬೇಸ್ ಮಾಡುವುದೂ ಇದನ್ನೇ. ಎಂಡಿಎಫ್ ಫೈಲ್ ಖಾತೆ ಪುಸ್ತಕ, ಎಲ್‌ಡಿಎಫ್ ಫೈಲ್ ಕಿರ್ದಿ. ನೀನು ‘ಸೇವ್’ ಒತ್ತಿ, ಪರದೆ ‘ಪಾವತಿ ಆಯಿತು’ ಎಂದು ಹೇಳುವ ಮೊದಲು ಲಾಗ್‌ನಲ್ಲಿ ಅದರ ದಾಖಲೆ ಡಿಸ್ಕಿಗೆ ಇಳಿದಿರಲೇಬೇಕು. ಖಾತೆಯ ಪುಟ ಆಗಿನ್ನೂ ಮೆಮೊರಿಯಲ್ಲೇ ಇರಬಹುದು, ಡಿಸ್ಕಿಗೆ ಹೋಗುವುದು ಸ್ವಲ್ಪ ಹೊತ್ತಿನ ನಂತರ.

ಆ ನಡುವೆ ಕರೆಂಟ್ ಹೋದರೆ? ಮಳೆಗಾಲದಲ್ಲಿ ಚಂದ್ರಗುತ್ತಿ, ಉಳವಿ ಕಡೆ ಮರ ಬಿದ್ದು ತಂತಿ ಹರಿಯುವುದನ್ನು ನಾನು ನಿನಗೆ ಹೇಳಬೇಕಾಗಿಲ್ಲ, ಯುಪಿಎಸ್ ಬ್ಯಾಟರಿಯ ಆಯಸ್ಸೂ ನಿನಗೆ ಗೊತ್ತು. ಕರೆಂಟ್ ಬಂದು ಸರ್ವರ್ ಮತ್ತೆ ಎದ್ದಾಗ ಮೊದಲು ಓದುವುದು ಲಾಗನ್ನು. ಮುಗಿದ ವ್ಯವಹಾರ ಖಾತೆಗೆ ಏರಿರದಿದ್ದರೆ ಏರಿಸುತ್ತದೆ. ಅರ್ಧಕ್ಕೆ ನಿಂತದ್ದನ್ನು ಹಿಂದಕ್ಕೆ ತೆಗೆಯುತ್ತದೆ. ಈ ವಿಧಾನವನ್ನು ಪೂರ್ತಿಯಾಗಿ ಬಿಡಿಸಿ ಬರೆದವರಲ್ಲಿ ಮುಖ್ಯರು ನಮ್ಮ ದೇಶದವರೇ ಆದ ಸಿ. ಮೋಹನ್, ಮದ್ರಾಸ್ ಐಐಟಿಯಲ್ಲಿ ಓದಿ ಐಬಿಎಂ ಸಂಶೋಧನಾಲಯ ಸೇರಿದವರು. ಅವರೂ ಅವರ ಜೊತೆಗಾರರೂ 1992ರಲ್ಲಿ ಪ್ರಕಟಿಸಿದ ‘ಏರೀಸ್’ ಎಂಬ ಪ್ರಬಂಧದ ಚಿಂತನೆ ಇವತ್ತಿಗೂ ದೊಡ್ಡ ದೊಡ್ಡ ಡೇಟಾಬೇಸ್‌ಗಳ ಒಳಗೆ ದುಡಿಯುತ್ತಿದೆ. ವ್ಯವಹಾರ ಅಂದರೆ ಪೂರ್ತಿ ಆಗಬೇಕು, ಇಲ್ಲವೇ ಆಗಲೇಬಾರದು ಎಂಬ ತತ್ವಕ್ಕೆ ಗಟ್ಟಿ ಅಡಿಪಾಯ ಹಾಕಿದ ಜಿಮ್ ಗ್ರೇ ಅವರಿಗೆ 1998ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಬಂತು. ಬಿಡುವಾದಾಗ ಇವರಿಬ್ಬರನ್ನೂ ಓದು. ಕಷ್ಟವಾದರೂ ಓದು.

ಸರ್ವರ್ ಸರಿಯಾಗಿ ನಿಲ್ಲದೇ ಇದ್ದಾಗ ಲಾಗ್ ಫೈಲ್ ಅಳಿಸಿದರೆ, ಯಾವುದು ಮುಗಿದಿದೆ, ಯಾವುದು ಅರ್ಧವಾಗಿದೆ ಎಂದು ಹೇಳುವ ಸಾಕ್ಷಿಯೇ ಉಳಿಯುವುದಿಲ್ಲ. ಡೇಟಾಬೇಸ್ ತೆರೆಯದೆ ‘ರಿಕವರಿ ಪೆಂಡಿಂಗ್’ ಎಂದು ನಿಂತುಬಿಡುತ್ತದೆ. ಬಲವಂತವಾಗಿ ತೆರೆಸುವ ಆಜ್ಞೆಯೂ ಇದೆ. ಆದರೆ ದತ್ತಾಂಶ ಹೋದರೂ ಪರವಾಗಿಲ್ಲ ಎಂಬ ಒಪ್ಪಿಗೆಯನ್ನು ಅದರ ಹೆಸರಿನಲ್ಲೇ ಬರೆದಿಟ್ಟಿದ್ದಾರೆ. ಆನವಟ್ಟಿ ಕಡೆಯಿಂದ ಶುಂಠಿ ಮಾರಿದ ದುಡ್ಡು ತಂದು ಸಾಲ ತೀರಿಸಿದವನ ಲೆಕ್ಕ ಆ ಹೋದದ್ದರಲ್ಲಿ ಸೇರಿದ್ದರೆ ಅವನಿಗೆ ಏನು ಉತ್ತರ ಕೊಡುತ್ತೀಯ? ಈ ತಪ್ಪು ನಮ್ಮ ಕಡೆ ಮಾತ್ರ ಆಗುವುದಲ್ಲ. ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸ್‌ನಲ್ಲಿ ಇದೇ ಕೆಲಸದ ಫೋಲ್ಡರನ್ನು ಬೇಡದ ಲಾಗ್ ಎಂದುಕೊಂಡು ಅಳಿಸಿದವರು ಎಷ್ಟು ಜನರಿದ್ದರೆಂದರೆ, 2017ರ ಹತ್ತನೇ ಆವೃತ್ತಿಯಲ್ಲಿ ಆ ಫೋಲ್ಡರಿನ ಹೆಸರನ್ನೇ ಬದಲಿಸಿದರು.

ಇನ್ನು ನಿಮ್ಮಲ್ಲಿ ಲಾಗ್ ತುಂಬಿದ್ದೇಕೆ? ನೀನು ಕಳಿಸಿದ ಚಿತ್ರದಲ್ಲಿ ‘ಲಾಗ್ ರೀಯೂಸ್ ವೇಟ್’ ಎಂಬ ಅಂಕಣದ ಕೆಳಗೆ ‘ಲಾಗ್ ಬ್ಯಾಕಪ್’ ಎಂದಿತ್ತು. ರೋಗದ ಹೆಸರನ್ನು ಸರ್ವರ್ ತಾನೇ ಹೇಳುತ್ತಿದೆ. ಡೇಟಾಬೇಸ್ ‘ಫುಲ್ ರಿಕವರಿ’ ವಿಧಾನದಲ್ಲಿದೆ, ಲಾಗ್‌ನ ಬ್ಯಾಕಪ್ ಮಾತ್ರ ಯಾರೂ ತೆಗೆದಿಲ್ಲ. ದಿನಾ ಸಂಜೆ ಫುಲ್ ಬ್ಯಾಕಪ್ ಆಗುತ್ತಿದೆಯಲ್ಲ ಎಂದು ನಿಮ್ಮ ಕಾರ್ಯದರ್ಶಿಯವರು ಕೇಳಿದರಂತೆ. ಅವರು ಕೇಳಿದ್ದು ಸಹಜವೇ, ಬಹಳ ಜನ ಎಡವುವುದು ಇಲ್ಲೇ. ಫುಲ್ ಬ್ಯಾಕಪ್ ಎಷ್ಟು ಸಲ ತೆಗೆದರೂ ಲಾಗ್ ಖಾಲಿಯಾಗುವುದಿಲ್ಲ. ಲಾಗ್ ಬ್ಯಾಕಪ್ ಎಂಬುದು ಬೇರೆಯೇ ಆಜ್ಞೆ. ಅದು ನಡೆದ ಮೇಲಷ್ಟೇ ಹಳೆಯ ದಾಖಲೆಗಳ ಜಾಗವನ್ನು ಸರ್ವರ್ ಮತ್ತೆ ಬಳಸಿಕೊಳ್ಳುತ್ತದೆ. ನಿಮ್ಮದು ಎಸ್‌ಕ್ಯೂಎಲ್ ಸರ್ವರ್‌ನ ಉಚಿತ ಎಕ್ಸ್‌ಪ್ರೆಸ್ ಆವೃತ್ತಿ. ಅದರಲ್ಲಿ ಹೊಸದಾಗಿ ಡೇಟಾಬೇಸ್ ಸೃಷ್ಟಿಸಿದರೆ ‘ಸಿಂಪಲ್’ ವಿಧಾನವೇ ಬರುತ್ತದೆ. ನಿಮ್ಮದನ್ನು ತಯಾರಿಸಿದವರು ತಮ್ಮ ದೊಡ್ಡ ಆವೃತ್ತಿಯಿಂದ ಬ್ಯಾಕಪ್ ತಂದು ಇಳಿಸಿರಬೇಕು, ಹಾಗೆ ಇಳಿಸಿದಾಗ ಹಳೆಯ ವಿಧಾನವೂ ಜೊತೆಗೇ ಬರುತ್ತದೆ. 2022ರ ಆವೃತ್ತಿಯವರೆಗೂ ಎಕ್ಸ್‌ಪ್ರೆಸ್‌ಗೆ ಇದ್ದ 10 ಜಿಬಿ ಮಿತಿ ದತ್ತಾಂಶದ ಫೈಲಿಗೆ ಮಾತ್ರ, ಲಾಗ್‌ಗೆ ಅಲ್ಲ. ಹಾಗಾಗಿ ಅದು ಡಿಸ್ಕ್ ಮುಗಿಯುವವರೆಗೂ ಬೆಳೆಯಿತು.

ಈಗ ಮಾಡಬೇಕಾದದ್ದು. ಆ ಡಿಸ್ಕಿನಲ್ಲಿ ಬಿದ್ದಿರುವ ಹಳೆಯ ಫುಲ್ ಬ್ಯಾಕಪ್‌ಗಳನ್ನು ಮೊದಲು ಹೊರಗಿನ ಹಾರ್ಡ್ ಡಿಸ್ಕಿಗೆ ಸಾಗಿಸು. ಅಲ್ಲಿ ಅವು ತೆರೆಯುತ್ತವೆಯೇ ಎಂದು ನೋಡಿಕೊಂಡ ಮೇಲೆಯೇ ಇಲ್ಲಿಂದ ತೆಗೆ. ದತ್ತಾಂಶ ಇರುವ ಡಿಸ್ಕಿನಲ್ಲೇ ಇಟ್ಟ ಬ್ಯಾಕಪ್ಪನ್ನು ನಾನಂತೂ ಬ್ಯಾಕಪ್ ಎಂದು ಒಪ್ಪುವುದಿಲ್ಲ, ಡಿಸ್ಕ್ ಸತ್ತರೆ ಎರಡೂ ಸಾಯುತ್ತವೆ. ಆಮೇಲೆ ಲಾಗ್ ಬ್ಯಾಕಪ್ಪನ್ನು ನೇರವಾಗಿ ಹೊರಗಿನ ಡಿಸ್ಕಿಗೇ ತೆಗೆ. ಮೊದಲನೆಯದು ದೊಡ್ಡದಾಗಿರುತ್ತದೆ, ಹೊತ್ತು ಹಿಡಿಯುತ್ತದೆ, ಕಾಯಿ. ಮುಗಿದ ಮೇಲೂ ಎಲ್‌ಡಿಎಫ್ ಫೈಲಿನ ಗಾತ್ರ ಹಾಗೇ ಇರುತ್ತದೆ, ಗಾಬರಿಯಾಗಬೇಡ, ಒಳಗೆ ಜಾಗ ಆಗಿರುತ್ತದೆ. ಒಂದೇ ಒಂದು ಸಲ ‘ಶ್ರಿಂಕ್’ ಮಾಡಿ ಅದನ್ನು ಮಾಮೂಲಿ ಕೆಲಸಕ್ಕೆ ಬೇಕಾಗುವಷ್ಟು ಗಾತ್ರಕ್ಕೆ ಇಳಿಸು. ದಿನಾ ರಾತ್ರಿ ಶ್ರಿಂಕ್ ಮಾಡುವ ಅಭ್ಯಾಸ ಬೇಡವೇ ಬೇಡ. ಬೆಳಗಾದರೆ ಅದು ಮತ್ತೆ ಬೆಳೆಯಲೇಬೇಕು, ಬೆಳೆಯುವಾಗಲೆಲ್ಲ ಕೌಂಟರಿನಲ್ಲಿ ಕೆಲಸ ತಡವರಿಸುತ್ತದೆ. ಪೆನ್‌ಡ್ರೈವಿನಲ್ಲಿ ಎರಡನೇ ಲಾಗ್ ಫೈಲ್ ತೆರೆದರೆ ಹೇಗೆ ಎಂದು ನೀನು ಕೇಳಿದ್ದೆ. ಬ್ಯಾಕಪ್ಪಿಗೆ ಹೊರಗಿನ ಡಿಸ್ಕ್ ಆದೀತು. ಜೀವಂತ ಲಾಗ್ ಮಾತ್ರ ಕಿತ್ತುಕೊಂಡು ಹೋಗಬಹುದಾದ ಯಾವುದರಲ್ಲೂ ಇರಕೂಡದು.

ಎಲ್ಲವನ್ನೂ ‘ಸಿಂಪಲ್’ಗೆ ಬದಲಿಸಿಬಿಟ್ಟರೆ ರಗಳೆಯೇ ಇಲ್ಲ ಎಂದು ಹೇಳುವವರೂ ಸಿಗುತ್ತಾರೆ. ಜಾಗದ ರಗಳೆ ನಿಜಕ್ಕೂ ಬಹುಪಾಲು ತೀರುತ್ತದೆ. ಆದರೆ ಮಧ್ಯಾಹ್ನ ಮೂರು ಗಂಟೆಗೆ ಡಿಸ್ಕ್ ಕೆಟ್ಟರೆ ಹಿಂದಿನ ಸಂಜೆಯ ಬ್ಯಾಕಪ್ಪಿನವರೆಗೆ ಮಾತ್ರ ಹಿಂದಿರುಗಬಹುದು. ಆ ದಿನ ಕಟ್ಟಿದವರ ಲೆಕ್ಕವನ್ನೆಲ್ಲ ರಸೀದಿ ಪುಸ್ತಕ ಹುಡುಕಿ ಮತ್ತೆ ಹತ್ತಿಸಬೇಕು. ಜನರ ಸಾಲದ ಲೆಕ್ಕ ಇಡುವ ಕಡೆ ಫುಲ್ ವಿಧಾನವೇ ಇರಲಿ, ಅರ್ಧ ಗಂಟೆಗೊಮ್ಮೆ ಲಾಗ್ ಬ್ಯಾಕಪ್ ಆಗಲಿ. ಹೊತ್ತಿಗೆ ಸರಿಯಾಗಿ ಅದನ್ನು ತಾನೇ ನಡೆಸುವ ಏಜೆಂಟ್ ಎಕ್ಸ್‌ಪ್ರೆಸ್‌ನಲ್ಲಿ ಇಲ್ಲ. ವಿಂಡೋಸಿನ ಟಾಸ್ಕ್ ಶೆಡ್ಯೂಲರಿನಿಂದ ಮಾಡಿಸಬಹುದು.

ಇನ್ನೊಂದು. ಇವತ್ತು ಮಾರ್ಚ್ 31. ರಾತ್ರಿ ಬಡ್ಡಿ ಲೆಕ್ಕ ಹಾಕುವಾಗ ಎಲ್ಲ ಖಾತೆಗಳನ್ನೂ ಒಂದೇ ವ್ಯವಹಾರವಾಗಿ ಓಡಿಸಿದರೆ, ಅದು ಮುಗಿಯುವವರೆಗೂ ಲಾಗ್‌ನ ಜಾಗ ಬಿಡುಗಡೆಯಾಗುವುದಿಲ್ಲ, ಬ್ಯಾಕಪ್ ತೆಗೆದರೂ ಅಷ್ಟೇ. ಆಗ ಆ ‘ಲಾಗ್ ರೀಯೂಸ್ ವೇಟ್’ ಅಂಕಣದಲ್ಲಿ ‘ಆಕ್ಟಿವ್ ಟ್ರಾನ್ಸಾಕ್ಷನ್’ ಎಂದು ಕಾಣುತ್ತದೆ. ಊರು ಊರಾಗಿ ಒಡೆದು ಓಡಿಸಲು ಸಾಧ್ಯವೇ ಎಂದು ತಂತ್ರಾಂಶದವರನ್ನು ಕೇಳು. ನಡುವೆ ನಿಲ್ಲಿಸಲೇಬೇಕಾಗಿ ಬಂದರೆ, ಹಿಂದಕ್ಕೆ ತೆಗೆಯಲು ಅದಕ್ಕೆ ಹೊತ್ತು ಬೇಕು. ತಾಳ್ಮೆಗೆಟ್ಟು ಸರ್ವರ್ ರೀಸ್ಟಾರ್ಟ್ ಮಾಡಿದರೆ, ಎದ್ದ ಮೇಲೂ ಅದು ಉಳಿದ ಆ ಕೆಲಸವನ್ನೇ ಮುಂದುವರಿಸುತ್ತದೆ.

ಇಷ್ಟೆಲ್ಲ ಜಾಗ್ರತೆ ಯಾಕೆ ಅನ್ನಿಸಿದರೆ ನಿನ್ನ ಅಪ್ಪನನ್ನು ಕೇಳು, ಭೂಮಿ ಯೋಜನೆ ಬಂದ ಕಾಲ ಅವನಿಗೆ ನೆನಪಿರುತ್ತದೆ. 2000ದ ಆಸುಪಾಸಿನಲ್ಲಿ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿ ಕಂಪ್ಯೂಟರಿಗೆ ಏರಿದವು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಮುದ್ರಿತ ಪಹಣಿ ಕೈಗೆ ಬರುತ್ತಿತ್ತು. ಕೈಬರಹದ ಪಹಣಿಗೆ ಆಮೇಲೆ ಬೆಲೆ ಉಳಿಯಲಿಲ್ಲ. ಯಂತ್ರದಲ್ಲಿರುವುದೇ ಸತ್ಯ ಎಂದು ಅಂದೇ ನಾವೆಲ್ಲ ಒಪ್ಪಿಕೊಂಡೆವು. ಸಹಕಾರ ಸಂಘಗಳ ಸರದಿ ಈಗ ನಡೆದಿದೆ. 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಒಂದೇ ತಂತ್ರಾಂಶಕ್ಕೆ ತರಲು ಕೇಂದ್ರ 2022ರಲ್ಲಿ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ನಿಮ್ಮದೂ ಅದಕ್ಕೆ ಸೇರಿದ ದಿನ ಈ ಲಾಗ್ ನೋಡಿಕೊಳ್ಳುವವರು ಬೇರೆಯವರಾಗುತ್ತಾರೆ. ಅಲ್ಲಿಯವರೆಗೆ ನಿಮ್ಮ ಸದಸ್ಯರ ಲೆಕ್ಕ ನಿನ್ನ ಕೈಯಲ್ಲಿದೆ, ಅದು ನನಗೆ ಬಹಳ ಹೆಮ್ಮೆಯ ಸಂಗತಿ.

ಜಾಗ ಸಾಲದು ಎಂದು ಕೇಳಲು ಸಂಕೋಚಪಡಬೇಡ. ಆಡಳಿತ ಮಂಡಳಿಯ ಮುಂದಿನ ಸಭೆಗೆ ಎರಡು ಹೊರಗಿನ ಹಾರ್ಡ್ ಡಿಸ್ಕ್, ಒಂದು ಹೊಸ ಯುಪಿಎಸ್ ಬ್ಯಾಟರಿ ಬೇಕೆಂದು ಬರೆದು ಕೊಡು. ಡಿಸ್ಕ್ ಒಂದು ಸಂಘದಲ್ಲಿರಲಿ, ಇನ್ನೊಂದು ಬೇರೆ ಕಟ್ಟಡದಲ್ಲಿ ಬೀಗದೊಳಗಿರಲಿ, ವಾರಕ್ಕೊಮ್ಮೆ ಅದಲುಬದಲು ಮಾಡು. ಮನವಿಯ ಕರಡು ಬರೆದು ಇದರ ಜೊತೆಗೇ ಇಟ್ಟಿದ್ದೇನೆ, ಕಾರ್ಯದರ್ಶಿಯವರಿಗೆ ತೋರಿಸಿ ತಿದ್ದಿಸಿಕೋ. ತೆಗೆದ ಬ್ಯಾಕಪ್ ನಿಜಕ್ಕೂ ತೆರೆದುಕೊಳ್ಳುತ್ತದೆಯೇ ಎಂದು ಬೇರೆ ಕಂಪ್ಯೂಟರಿನಲ್ಲಿ ಇಳಿಸಿ ನೋಡುವುದೊಂದು ಬಾಕಿ ಇದೆ. ಸಂಘದ ಮೂರನೇ ಕಂಪ್ಯೂಟರಿನಲ್ಲಿ ಜಾಗ ಖಾಲಿ ಇದೆ ಅಂದಿದ್ದೆಯಲ್ಲ. ಕಾರ್ಯದರ್ಶಿಯವರು ಒಪ್ಪಿದರೆ ಈ ಭಾನುವಾರ ಬೆಳಗಿನ ಬಸ್ಸಿಗೆ ನಾನೇ ಸೊರಬಕ್ಕೆ ಬರುತ್ತೇನೆ, ಇಬ್ಬರೂ ಕೂತು ಮಾಡೋಣ. ನಿನ್ನ ದೊಡ್ಡಮ್ಮ ಅಪ್ಪೆಮಿಡಿ ಉಪ್ಪಿನಕಾಯಿ ಕಟ್ಟಿಡುತ್ತಿದ್ದಾಳೆ, ಅದನ್ನೂ ತರುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ